ಸಾಕು ಎನ್ನುವ ಅಣು

ಮೈಸೂರಿನಲ್ಲಿ ಆನಂದಕ್ಕೆ ಬರವಿಲ್ಲ, ಕನಿಷ್ಠಪಕ್ಷ ಬೋರ್ಡುಗಳ ಮೇಲೆ. ಕುವೆಂಪುನಗರದ ನನ್ನ ಮನೆಯಿಂದ ಸ್ಕೂಟರಿನಲ್ಲಿ ಅಗ್ರಹಾರ ತಲುಪುವಷ್ಟರಲ್ಲಿ ಆ ಹೆಸರಿನ ಒಂದು ಬೇಕರಿ, ಒಂದು ಹೊಲಿಗೆಯಂಗಡಿ, ಒಂದು ಕ್ಷೌರದಂಗಡಿ ಎದುರಾಗುತ್ತಿದ್ದವು. ಮಾಲೀಕರ ಮುಖದಲ್ಲಿ ಮಾತ್ರ ಆ ಹೆಸರಿನ ಗುರುತು ಕಾಣುತ್ತಿರಲಿಲ್ಲ. ಅವರನ್ನು ಆಡಿಕೊಳ್ಳುವ ಸ್ಥಿತಿಯಲ್ಲಿ ನಾನೂ ಇರಲಿಲ್ಲವೆನ್ನಿ. ಶರೀರಶಾಸ್ತ್ರ ಪಾಠ ಮಾಡಿ ಮಾಡಿ ನನ್ನ ಸ್ವಂತ ಶರೀರವೇ ಶಾಸ್ತ್ರಕ್ಕೆ ಇದ್ದಂತೆ ಆಗಿಹೋಗಿದ್ದ ಕಾಲವದು.

ತೊಂಬತ್ತರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಮಿದುಳಿನೊಳಗೆ ಒಂದು ಅಣುವನ್ನು ಕಂಡುಹಿಡಿದು, ನಮ್ಮ ಸಂಸ್ಕೃತದ ಪದವನ್ನೇ ಎರವಲು ಪಡೆದು, ಅದಕ್ಕೆ 'ಆನಂದಮೈಡ್' ಎಂದು ನಾಮಕರಣ ಮಾಡಿದ್ದರು. ಆ ಸುದ್ದಿ ಓದಿದಾಗ, ಅದರ ನಾಮಕರಣಕ್ಕೆ ನನ್ನನ್ನೇ ಕರೆದಿದ್ದರೇನೋ ಎಂಬಷ್ಟು ಬೀಗಿದ್ದೆ. ಹತ್ತಾರು ವರ್ಷ ಕಳೆಯುವುದರೊಳಗೆ ಆ ಬೀಗುವಿಕೆಯೂ ಬೇಸರದ ಕೆಳಗೆ ಹೂತುಹೋಗಿತ್ತು. ಹೀಗಿರುವಾಗ ಅಗ್ರಹಾರದ ಗುರುಸಿದ್ದಪ್ಪನವರು ತಮ್ಮ ಓದುಗರ ಬಳಗದಲ್ಲಿ ಏನಾದರೂ ಮಾತಾಡಬೇಕೆಂದು ದುಂಬಾಲು ಬಿದ್ದರು. ಇವರು ಬಟ್ಟೆ ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಸಂಸ್ಕೃತಿಗೆ ತಮ್ಮನ್ನು ಒಪ್ಪಿಸಿಕೊಂಡಿದ್ದ ಹಿರಿಯರು. ಅವರಿಗೆ ಇಲ್ಲ ಎನ್ನಲು ಬೇಕಾದ ಶಕ್ತಿ ನನ್ನಲ್ಲಿರಲಿಲ್ಲ, ಒಪ್ಪಿಕೊಂಡು ವಿಷಯ 'ಆನಂದಮೈಡ್' ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

ಭಾನುವಾರ ಸಂಜೆ ಹೋಗಿ ನೋಡಿದರೆ ಮಹಡಿಯ ಹಾಲ್ ತುಂಬಿತ್ತು. ವಿಭೂತಿ ಹಚ್ಚಿಕೊಂಡ ಹಿರಿಯರು, ಹೂ ಮುಡಿದ ಮುತ್ತೈದೆಯರು, ಮುಂದಿನ ಸಾಲಿನಲ್ಲಿ ಕಣ್ಣುಮುಚ್ಚಿ ಕೂತಿದ್ದ ಇಬ್ಬರು. ಶರೀರಶಾಸ್ತ್ರಕ್ಕೆ ಇಷ್ಟು ಜನ ಎಂದೂ ಸೇರಿದ್ದಿಲ್ಲ. ಗೋಡೆಯ ಕರಿಹಲಗೆ ನೋಡಿದ ಮೇಲೆ ಗುಟ್ಟು ತಿಳಿಯಿತು. ಗುರುಸಿದ್ದಪ್ಪನವರು 'ಆನಂದಮೈಡ್' ಎಂಬುದನ್ನು ನನ್ನ ಕೈಬರಹದ ದೋಷವೆಂದು ಭಾವಿಸಿ, 'ಆನಂದಮಯ ಶರೀರ' ಎಂದು ತಿದ್ದಿ ಬರೆಸಿದ್ದರು. ಪ್ರವಚನ ಕೇಳಲು ಬಂದವರ ಮುಂದೆ ನಾನು ಗಾಂಜಾದಿಂದ ಶುರುಮಾಡಬೇಕಾಯಿತು.

ಬೇರೆ ದಾರಿಯಿರಲಿಲ್ಲ. ಗಾಂಜಾ ಗಿಡದ ಸತ್ವ ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆಂದು ಹುಡುಕುವಾಗಲೇ ಅಲ್ಲೊಂದು ಬೀಗವಿರುವುದು ಗೊತ್ತಾದದ್ದು. ಯಾವುದೋ ಗಿಡಕ್ಕಾಗಿ ದೇಹ ಬೀಗ ಇಟ್ಟುಕೊಳ್ಳುವುದಿಲ್ಲವಲ್ಲ, ಹಾಗಾದರೆ ದೇಹದ್ದೇ ಕೀಲಿ ಎಲ್ಲಿ ಎಂದು ಹುಡುಕಿದಾಗ ಸಿಕ್ಕಿದ್ದು ಆನಂದಮೈಡ್, ಆಮೇಲೆ ಅದರ ದಾಯಾದಿಗಳು. ನೋವು, ಹಸಿವು, ನಿದ್ದೆ, ಭಯ, ಮರೆವು ಎಲ್ಲದರಲ್ಲೂ ಇವುಗಳ ಕೈವಾಡವಿದೆ. ಸಾಮಾನ್ಯವಾಗಿ ಒಂದು ನರಕೋಶ ಹೇಳುತ್ತದೆ, ಮುಂದಿನದು ಕೇಳಿಸಿಕೊಳ್ಳುತ್ತದೆ. ಹೇಳುವುದು ಅತಿಯಾದಾಗ, ಕೇಳಿಸಿಕೊಳ್ಳುವ ಕೋಶ ತನ್ನ ಪೊರೆಯ ಕೊಬ್ಬಿನಿಂದಲೇ ಆ ಕ್ಷಣಕ್ಕೆ ಈ ಅಣುವನ್ನು ತಯಾರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಹೇಳುವ ಕೋಶ ಅದನ್ನು ಕಂಡು ದನಿ ತಗ್ಗಿಸುತ್ತದೆ. ಕೆಲಸ ಮುಗಿದೊಡನೆ ದೇಹವೇ ಆ ಅಣುವನ್ನು ಒಡೆದುಹಾಕುತ್ತದೆ. "ಹೆಸರಿಗೆ ಆನಂದ, ಆದರೆ ಅದು ಹೇಳುವುದು 'ಸಾಕು' ಎಂಬ ಒಂದೇ ಮಾತು" ಎಂದು ನಾನು ಮುಗಿಸಿದೆ. ಕಣ್ಣುಮುಚ್ಚಿದ್ದ ಇಬ್ಬರೂ ಅಷ್ಟರಲ್ಲಿ ನಿಜವಾಗಿಯೇ ನಿದ್ದೆಹೋಗಿದ್ದರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು.

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಗೌರಮ್ಮ ಅಂತ, ಪಕ್ಕದ ಬೀದಿಯವರು ಎಂದು ಗುರುಸಿದ್ದಪ್ಪ ನನ್ನ ಕಿವಿಯಲ್ಲಿ ಹೇಳಿದರು. ಗಂಡ ಲಾರಿ ಓಡಿಸುವವನು, ಊರಲ್ಲಿರುವುದೇ ಕಡಿಮೆ. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ, ಎಲ್ಲ ಈಕೆಯ ಮೇಲೆ.

"ಸಾರ್, ಆ ಸಾಕು ಅನ್ನೋದು ನನ್ನೊಳಗೂ ಐತಾ?"

"ಇದೆ ಕಣಮ್ಮ, ಎಲ್ಲರೊಳಗೂ ಇದೆ."

"ಮತ್ತೆ ನಂದ್ಯಾಕೆ ಸಾರ್ ಬಾಯೇ ಬುಡಲ್ಲ?"

ಸಭೆ ನಕ್ಕಿತು. ಆಕೆ ನಗಲಿಲ್ಲ. ಆ ಮುಖದ ದಣಿವು ನನಗೆ ಪರಿಚಿತವೆನಿಸಿದರೂ, ಅದರ ಎದುರು ನನ್ನದು ಬರೀ ಸೋಮಾರಿತನವೆಂದು ಆ ಕ್ಷಣವೇ ಅರಿವಾಯಿತು. ನಿಜ ಹೇಳದೆ ವಿಧಿಯಿರಲಿಲ್ಲ.

"ನಾನು ಹೇಳಿದ್ದು ನರಗಳ ವಿಷಯ ತಾಯಿ. ಮನೆ ವಿಷಯಕ್ಕೆ ಅದು ಬರೋಲ್ಲ. ಅದನ್ನ ನಾವೇ ಬಾಯಿಬಿಟ್ಟು ಹೇಳ್ಬೇಕು."

ಇದನ್ನು ಜಾಣತನದಿಂದ ಹೇಳಿದೆನೆಂದು ಯಾರೂ ತಿಳಿಯಬಾರದು. ಬೇಗ ಮನೆಗೆ ಹೋಗುವ ಆಸೆಯಿಂದ ಹೇಳಿದ್ದು. ಆಕೆ ಮಾತ್ರ ಪಕ್ಕದಲ್ಲಿ ಕೂತಿದ್ದವನ ಕಡೆ ತಿರುಗಿದರು. ಅವನು ಮೈದುನ ಪುಟ್ಟಸ್ವಾಮಿ. ಕಡಕೊಳದ ಕಾರ್ಖಾನೆಯೊಂದರಲ್ಲಿ ಕೆಲಸ, ಅಲ್ಲೇ ಮನೆ. ತಾಯಿಯನ್ನು ನೋಡಿಹೋಗಲು ಬಂದವನನ್ನು ಅತ್ತಿಗೆ ಪ್ರವಚನಕ್ಕೆಂದು ಕರೆತಂದಿದ್ದರು.

"ಪುಟ್ಟಸ್ವಾಮಿ, ನಂಗೆ ಸಾಕಾಗೈತೆ ಕಣಪ್ಪ. ಅತ್ತೆನ ಒಂದು ತಿಂಗ್ಳು ನಿನ್ನ ಮನೆಗೆ ಕರ್ಕೊಂಡೋಗು."

ಅವನು ಸುತ್ತ ನೋಡಿದ. "ಮನೇಲಿ ಮಾತಾಡೋಣ ಅತ್ತಿಗೆ."

"ಮನೇಲಿ ಆಗ್ದೆ ಇರೋದ್ಕೇ ಇಲ್ಲೇಳ್ತಿರೋದು."

ಪುಟ್ಟಸ್ವಾಮಿ ತಲೆ ತಗ್ಗಿಸಿ ಕೂತವನು, ಕೊನೆಗೆ "ಆಗ್ಲಿ ಅತ್ತಿಗೆ" ಎಂದ. ಗೌರಮ್ಮ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಗುರುಸಿದ್ದಪ್ಪನವರು ವಂದನಾರ್ಪಣೆಯನ್ನೇ ಮರೆತರು.

ಕೆಲವು ತಿಂಗಳಾದ ಮೇಲೆ ಗೌರಮ್ಮ ಹೂವಿನಂಗಡಿಯ ಮುಂದೆ ಸಿಕ್ಕಿದರು. ಮುಖ ತುಂಬಿಕೊಂಡಿತ್ತು. ಮೊದಲ ವಾರವೆಲ್ಲ ಬರೀ ನಿದ್ದೆ ಮಾಡಿದರಂತೆ. ಆಮೇಲೆ ಮನೆ ಬಿಕೋ ಎನಿಸಿ, ಕಡಕೊಳದ ಬಸ್ಸು ಹತ್ತಿ ಅತ್ತೆಯನ್ನು ನೋಡಲು ಹೋದರಂತೆ. ಬೈಸಿಕೊಳ್ಳುವುದಕ್ಕೆ ಸಿದ್ಧವಾಗಿಯೇ ಒಳಗೆ ಕಾಲಿಟ್ಟರಂತೆ. ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡು ಹೊರಗೆ ಓಡಾಡುವ ಜನರನ್ನು ನೋಡುತ್ತಿದ್ದ ಅತ್ತೆ ಇವರನ್ನು ಹತ್ತಿರ ಕರೆದು ಕೂರಿಸಿಕೊಂಡರಂತೆ.

"ಏನಂದ್ರು ಗೊತ್ತಾ ಸಾರ್? 'ಮೊದ್ಲೇ ಹೇಳ್ಬಾರ್ದಿತ್ತೇನೇ? ನಂಗೂ ಆ ಮನೆ ಗೋಡೆ ನೋಡಿ ನೋಡಿ ಸಾಕಾಗೋಗಿತ್ತು. ನಿಂಗೆ ಬೇಜಾರಾಯ್ತದೆ ಅಂತ ಸುಮ್ನಿದ್ದೆ ಕಣಮ್ಮ' ಅಂದ್ಬುಟ್ರು."