ಏರಿಗೆ ಊರಿದ ಕೂಣಿ

"ಏನತ್ತಿಗೆ, ನೀನೂ ಫಾರೆಸ್ಟ್ ಗಾರ್ಡ್ ಆದ್ಯಾ?" ರಿಪ್ಪನ್‌ಪೇಟೆಯಿಂದ ಬಂದಿದ್ದ ಮೈದುನ ಹೆಗಲ ಮೇಲೆ ಕೂಣಿ, ಅಂದ್ರೆ ಮೀನು ಹಿಡಿಯೋ ತಳವಿಲ್ಲದ ಬಿದಿರಿನ ಬುಟ್ಟಿ, ಹೊತ್ತು ಎಲ್ಲರೆದುರು ಕೇಳಿದ.

"ಹೌದು ಮಾರಾಯ. ಕೋವಿ ಕೊಟ್ಟಿಲ್ಲ, ಬಾಯಿ ಇದೆ" ಅಂದೆ.

ಅವತ್ತು ನಮ್ಮೂರ ಕೆರೆಬೇಟೆ. ಎಂಬತ್ತೈದರ ಸುಮಾರಿನ ಮಾತು. ಬೇಸಿಗೆ ಕೊನೆಗೆ ನೀರು ಇಳಿದಾಗ ಸುತ್ತಿನ ಊರವರೆಲ್ಲ ಒಟ್ಟಿಗೆ ಕೆರೆಗಿಳಿದು ಕೂಣಿ ಊರಿ ಮೀನು ಹಿಡಿಯೋದು. ಮೊದಲ ಕೂಣಿ ನಮ್ಮ ಮನೆಯದ್ದು. ಅದನ್ನ ನೀರಿಗೆ ಊರೋ ತನಕ ಯಾರೂ ನೀರಿಗೆ ಕಾಲಿಡೋ ಹಾಗಿಲ್ಲ. ಹಕ್ಕಿ ಬರೋ ಕೆರೆ ಅಂತ ಸರ್ಕಾರದವರು ಬೋರ್ಡು ನಿಲ್ಲಿಸಿದ್ದರು. ಕಾಯೋಕೆ ಊರವರದೇ ಕಮಿಟಿ, ಅದರಲ್ಲಿ ನಾನೂ ಒಬ್ಬಳು. ಬೇಟೆ ಬೇಕೋ ಬೇಡವೋ ನೀವೇ ತೀರ್ಮಾನ ಮಾಡಿ ಅಂತ ಸರ್ಕಾರದವರು ಕಮಿಟಿಗೆ ಅಂದಿದ್ದರು. ಆ ವರ್ಷ ಬೆಳ್ಳಕ್ಕಿಗಳು ಬೇಗ ಬಂದು ಕೆರೆ ನಡುವಿನ ಮರಗಳಲ್ಲಿ ಮೊಟ್ಟೆ ಇಟ್ಟಿದ್ದವು. ಅಷ್ಟು ಜನ ಕೂಗಾಡ್ತಾ ಇಳಿದರೆ ಯಾವ ಹಕ್ಕಿ ಗೂಡಲ್ಲಿ ಕೂರುತ್ತೆ?

ನಮ್ಮನೆಯವರು ಕೂಣಿ ಹಿಡಿದು ನೀರಿನ ಅಂಚಿಗೆ ಹೋದರು. "ಮೊದಲು ಮರ ನೋಡಿ, ಆಮೇಲೆ ಊರಿ!" ಅಂತ ಕೆರೆ ಏರಿ ಮೇಲಿಂದ ಕೂಗಿದೆ. ಅವರು ನಿಂತು ಮರ ನೋಡಿದರು. ಏರಿ ಹತ್ತಿ ಬಂದು, ಕೂಣೀನ ಅಲ್ಲೇ ಮಣ್ಣಿಗೆ ಊರಿಬಿಟ್ಟರು.

"ಎರೆಹುಳ ಸಿಕ್ತಾ ಅಣ್ಣಾ?" ಅಂದ ಮೈದುನ. ನಕ್ಕವರಿದ್ದರು, ಬೈದವರೂ ಇದ್ದರು. ನೀರಿಗೆ ಮಾತ್ರ ಒಬ್ಬರೂ ಇಳಿಯಲಿಲ್ಲ.

ಈಗ ಬೇಟೆಗೆ ದಿನ ಗೊತ್ತು ಮಾಡೋ ಮೊದಲು ಊರವರೇ ಹೋಗಿ ಮರ ನೋಡಿ ಬರ್ತಾರೆ. ಸರ್ಕಾರದ ಬೋರ್ಡು ಬಿದ್ದು ಎಷ್ಟೋ ಕಾಲ ಆಯ್ತು. ಅದನ್ನ ಎತ್ತಿ ನಿಲ್ಲಿಸೋ ಅಗತ್ಯ ನಮಗೆ ಬಿದ್ದಿಲ್ಲ.