ಪರದೆ ಹಿಂದಿನ ಪರಿಮಳಾ

ವನದುರ್ಗದ ಅಂಬ್ರಪ್ಪನ ಮಗಳು ಪರಿಮಳಾ ನಾಟಕ ಕಂಪನಿ ಸೇರಿದಳು ಅಂತ ಸುದ್ದಿ ಹಬ್ಬಿದಾಗ ಊರವರು ಮೂಗಿನ ಮೇಲೆ ಬೆರಳಿಟ್ಟರು. ಕುಣಿಯಲಿಕ್ಕಲ್ಲ, ಹಾಡಲಿಕ್ಕಲ್ಲ, ಪರದೆ ಹಿಂದೆ ಪುಸ್ತಕ ಹಿಡಿದು ಕೂರಲಿಕ್ಕೆ ಅಂತ ಎಷ್ಟು ಹೇಳಿದರೂ ಯಾರ ಕಿವಿಗೂ ಹೋಗಲಿಲ್ಲ. ಹೋಗದಿದ್ದರೆ ಬಿಡಲಿ! ನಡೆದದ್ದು ಮಾತ್ರ ಹೀಗೆ.

ಪರಿಮಳಾ ಶಹಾಪುರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಆರು ವಾರ ಎಲ್ಲಾದರೂ ಕೆಲಸ ಮಾಡಿ, ಮಾಡಿದ್ದಕ್ಕೆ ಕಾಗದದ ಮೇಲೆ ಸಹಿ ಸಿಕ್ಕಾ ಹಾಕಿಸಿಕೊಂಡು ಬಂದರೇ ಡಿಗ್ರಿ, ಇಲ್ಲದಿದ್ದರೆ ಇಲ್ಲ. ಗೆಳತಿಯರೆಲ್ಲ ಬ್ಯಾಂಕು, ತಹಸೀಲ್ದಾರ್ ಕಚೇರಿ ಅಂತ ಜಾಗ ಹಿಡಿದರು. ಈಕೆ ಸುರಪುರದಲ್ಲಿ ಕ್ಯಾಂಪ್ ಹಾಕಿದ್ದ ನಾಟಕ ಕಂಪನಿಗೆ ಅರ್ಜಿ ಬರೆದು ಕಾಲೇಜಿನ ಅರುಣಕುಮಾರ ಸರ್ ಮುಂದಿಟ್ಟಳು.

"ಆ ತಗಡಿನ ಥೇಟರ್‌ದಾಗ ಏನ್ ಕಲೀತೀಯವಾ?" ಅಂದರು ಸರ್.

"ನಾಟಕ ಹೆಂಗ ನಡಸ್ತಾರ ಅಂತ ಕಲೀತೀನ್ರಿ."

"ಅವರು ಒಲ್ಲೆ ಅಂದ್ರ?"

"ಬ್ಯಾರೆ ಕಡಿ ನಾ ಅರ್ಜಿ ಹಾಕಂಗಿಲ್ರಿ ಸರ್."

ಮೊಂಡುತನ ಅಂದರೆ ಇದೇ. ಸರ್ ತಲೆ ಚಚ್ಚಿಕೊಂಡು ಸಹಿ ಹಾಕಿದರು.

ಕಂಪನಿ ಮಾಲೀಕ ಮೌನಪ್ಪ ಟಿಕೆಟ್ ಕಿಟಕಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅರ್ಜಿ ಕಡೆ ಕಣ್ಣೂ ಹಾಯಿಸಲಿಲ್ಲ.

"ಹಾಡ್ತೀಯೇನು?"

"ಇಲ್ರಿ."

"ಕುಣೀತಿ?"

"ಇಲ್ರಿ."

"ಮತ್ತ ಬಂದದ್ದ್ಯಾಕ, ಪುಗಸಟ್ಟೆ ನಾಟಕ ನೋಡಾಕ?"

"ಪ್ರಾಂಪ್ಟ್ ಮಾಡ್ತೀನ್ರಿ," ಅಂದಳು ಪರಿಮಳಾ.

ಮೌನಪ್ಪ ನೆಟ್ಟಗೆ ಕೂತ. ಮರೆಯಲ್ಲಿ ನಿಂತು ನಟರಿಗೆ ಮಾತು ಹೇಳಿಕೊಡುತ್ತಿದ್ದ ಮುದುಕ ಕಣ್ಣಿನ ಆಪರೇಷನ್ ಅಂತ ಊರಿಗೆ ಹೋದಾಗಿನಿಂದ ಕಂಪನಿಯವರು ದಿನಾ ಸ್ಟೇಜಿನ ಮೇಲೆ ಬೆಬ್ಬೆಬ್ಬೆ ಅನ್ನುತ್ತಿದ್ದರು. "ಎಲ್ಲಿ ಕಲ್ತಿ?" ಅಂದ.

ಕಲಿತದ್ದು ಮನೆಯಲ್ಲೇ. ಅಂಬ್ರಪ್ಪ ಮಂದಿಯ ಹೊಲದಲ್ಲಿ ದುಡಿಯುವವ, ಆದರೆ ಊರ ನಾಟಕದಲ್ಲಿ ಅವನಿಗೊಂದು ಪಾರ್ಟು ಇಲ್ಲದಿದ್ದರೆ ಅನ್ನ ಸೇರುತ್ತಿರಲಿಲ್ಲ. ಓದಲಿಕ್ಕೆ ಬಾರದು. ಮಗಳಿಗೆ ಅಕ್ಷರ ಕೂಡಿಸಿ ಓದಲು ಬಂದಾಗಿನಿಂದ ತಾಲೀಮಿನಲ್ಲಿ ಅವಳು ಓದುವುದು, ಅವನು ಕೇಳಿ ಒಪ್ಪಿಸುವುದು. ನಟ ಉಸಿರು ಎಳೆದುಕೊಳ್ಳಲು ನಿಂತಿದ್ದಾನೋ ಮಾತು ಮರೆತು ನಿಂತಿದ್ದಾನೋ, ಅವನ ಕತ್ತು ನೋಡಿಯೇ ಹೇಳುತ್ತಿದ್ದಳು ಪರಿಮಳಾ.

"ಐತವಾರ ಮಧ್ಯಾಹ್ನದ ಶೋ ಹಿಡಿ, ನೋಡೋಣು," ಅಂದ ಮೌನಪ್ಪ. "ಆಟ ನಡುವ ನಿಂತ್ರ ಮಾತ್ರ ಸೀದಾ ಶಹಾಪುರದ ಬಸ್ಸು. ಕಾಲೇಜು ಗೀಲೇಜು ನನಗ ಗೊತ್ತಿಲ್ಲ."

ಐತವಾರ ಥೇಟರ್ ತುಂಬಿತ್ತು. ಪರಿಮಳಾ ಸ್ಟೇಜಿನ ಬಲಗಡೆ ವಿಂಗಿನಲ್ಲಿ, ಪಕ್ಕದ ಪರದೆಯ ಮರೆಯಲ್ಲಿ, ಸ್ಟೂಲಿನ ಮೇಲೆ ಕೂತಳು. ಮೊದಲ ಅಂಕ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಮಾತು ತಪ್ಪಿದವರಿಗೆ ತಪ್ಪಿದ್ದೇ ಗೊತ್ತಾಗಲಿಲ್ಲ, ಅಷ್ಟು ಬೇಗ ಈಕೆ ಎತ್ತಿಕೊಡುತ್ತಿದ್ದಳು. ಎದುರಿನ ವಿಂಗಿನಲ್ಲಿ ನಿಂತಿದ್ದ ಮೌನಪ್ಪನ ಮುಖದ ಗಂಟೂ ಸಡಿಲವಾಗಿತ್ತು.

ಎರಡನೇ ಅಂಕದಲ್ಲಿ ಮದುವೆ ನಿಶ್ಚಯದ ಸೀನು. ಬಡವರ ಹುಡುಗಿಯ ಅಣ್ಣನ ವೇಷದಲ್ಲಿ ಕಂಪನಿಯ ಹಾಸ್ಯನಟ ನಸೀರುದ್ದೀನ ಕೈಮುಗಿದು ನಿಂತಿದ್ದಾನೆ. ಗಂಡಿನ ಕಡೆಯ ಗೌಡನ ಪಾತ್ರದವನು ಮೀಸೆ ತಿರುವಿ ಗುಡುಗಿದ: "ಹುಡುಗಿ ಕಡಿ ಒಬ್ಬ ಹಿರಿಯನರ ಬಂದಾನೇನು? ಯಾರದಾರ ನಿಮಗ?"

ಆಗಲೇ ಸ್ಟೇಜಿನ ಮೆಟ್ಟಿಲು ಹತ್ತಿ ಬಂದ ಅಂಬ್ರಪ್ಪ! ಹೆಗಲ ಮೇಲೆ ಹೊಸ ಟಾವೆಲ್ಲು, ಕೈಯಲ್ಲಿ ತೆಂಗಿನಕಾಯಿ.

ಅವನದೇನೂ ತಪ್ಪಲ್ಲ. ಊರ ನಾಟಕದಲ್ಲಿ ರಿವಾಜೇ ಹಾಗೆ. ನಮ್ಮವರು ಪಾರ್ಟು ಮಾಡುತ್ತಿದ್ದರೆ ಆಟದ ನಡುವೆಯೇ ಮೇಲೆ ಹತ್ತಿ ಆಯೇರಿ ಅಂತ ಉಡುಗೊರೆ ಕೊಡಬೇಕು, ಟಾವೆಲ್ಲು ಹೊದಿಸಬೇಕು. ಸತ್ತು ಬಿದ್ದ ರಾಜನೂ ಎದ್ದು ಹೊದಿಸಿಕೊಂಡು, ನಮಸ್ಕಾರ ಮಾಡಿ, ಮತ್ತೆ ಸಾಯುತ್ತಾನೆ. ಆದರೆ ಇದು ಕಂಪನಿ, ಇಲ್ಲಿ ಅದೆಲ್ಲ ನಡೆಯುವುದಿಲ್ಲ. ಗೌಡ ಬಾಯಿ ತೆರೆದು ನಿಂತುಬಿಟ್ಟ. ಅಂಬ್ರಪ್ಪ, ಟಾವೆಲ್ಲು ಹೊದಿಸಲು ಮಗಳು ಎಲ್ಲಿದ್ದಾಳೆ ಅಂತ ಸುತ್ತಲೂ ನೋಡತೊಡಗಿದ. ಮೌನಪ್ಪ ಪರದೆ ಇಳಿಸುವ ಹಗ್ಗಕ್ಕೆ ಕೈಹಾಕಿದ್ದು ಪರಿಮಳಾಗೆ ಕಂಡಿತು. ಮುಗೀತು, ಇನ್ನು ಡಿಗ್ರಿಯೂ ಇಲ್ಲ, ಮರ್ಯಾದೆಯೂ ಇಲ್ಲ.

ಪುಸ್ತಕ ಮುಚ್ಚಿ, ಮೆಲ್ಲಗೆ, ತಾಲೀಮಿನ ದನಿಯಲ್ಲೇ ಅಂದಳು: "ನಾ ಅದೀನಿ. ಹುಡುಗಿ ಕಡಿ ಹಿರಿಯ ನಾನೇ."

ಆ ದನಿ ಕಿವಿಗೆ ಬಿದ್ದದ್ದೇ ತಡ, ಅಂಬ್ರಪ್ಪನ ಎದೆ ಸೆಟೆಯಿತು.

"ನಾ ಅದೀನಿ! ಹುಡುಗಿ ಕಡಿ ಹಿರಿಯ ನಾನೇ!"

ಥೇಟರಿನ ತಗಡು ಹಾರಿಹೋಗುವ ಹಾಗೆ ಸೀಟಿ ಬಿತ್ತು.

"ಬಡವರಂತ ಹಗುರ ಮಾತಾಡಬ್ಯಾಡ ಗೌಡ. ಆಯೇರಿ ತಂದೀನಿ," ಅಂದಳು ಮಗಳು. ಅಪ್ಪ ಅದನ್ನೂ ಗುಡುಗಿ, ಟಾವೆಲ್ಲನ್ನು ನಸೀರುದ್ದೀನನಿಗೆ ಹೊದಿಸಿ, ಕಾಯಿ ಕೈಗಿಟ್ಟ. ನಸೀರುದ್ದೀನ ಬಲು ಚಾಲಾಕಿ. "ಬರ್ರಿ ಮಾವಾರ, ಮೊದಲ ಒಳಗ ಉಣ್ಣಾಕ ಏಳ್ರಿ!" ಅಂತ ಕೈಹಿಡಿದು ಎಳೆದುಕೊಂಡೇ ಹೋದ. ಪರಿಮಳಾ ಪುಸ್ತಕ ತೆರೆದು ಗೌಡನಿಗೆ ಮುಂದಿನ ಮಾತು ಕೊಟ್ಟಳು. ಆಟ ನಡೆಯಿತು.

ಶೋ ಮುಗಿದ ಮೇಲೆ ಅಂಬ್ರಪ್ಪ ಮೌನಪ್ಪನ ಮುಂದೆ ಕುಗ್ಗಿ ನಿಂತ. "ತಪ್ಪಾತ್ರಿ. ನಮ್ಮೂರಾಗ ಹಂಗ ಮಾಡ್ತೀವ್ರಿ. ಮಗಳ ಕೆಲಸ ಮಾತ್ರ ಕಸೀಬ್ಯಾಡ್ರಿ."

ಮೌನಪ್ಪ ಅವನ ಕಡೆ ತಿರುಗಲೇ ಇಲ್ಲ. "ಆ ಮಾತು ಪುಸ್ತಕದಾಗಿಲ್ಲ. ಎಲ್ಲಿಂದ ತಂದಿ?" ಅಂದ ಪರಿಮಳಾಗೆ.

"ಅಪ್ಪನ ಬಾಯಿಗೆ ಎಂಥಾ ಮಾತು ಹೊಂದ್ತದ ನನಗ ಗೊತ್ತದ್ರಿ."

"ಪರದೆ ಇಳಿಸಾಂವಿದ್ದೆ ನಾ," ಅಂದ ಮೌನಪ್ಪ. "ಆರು ವಾರ ಆ ಸ್ಟೂಲ್ ನಿಂದು. ಬಾಕಿ ಮಂದಿ ಕೇಳ್ರಿ, ಇಕಿ ಪ್ರಾಂಪ್ಟ್ ಮಾಡುವಾಗ ಯಾರೂ ವಿಂಗಿನಾಗ ಹರಟಿ ಹೊಡೀಬ್ಯಾಡ್ರಿ."

ಪರಿಮಳಾ ಅತ್ತುಬಿಟ್ಟಳು. ಆಮೇಲೆ ಅಪ್ಪನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಬಂದರೆ ಟಿಕೆಟ್ ತೆಗೆದು ಕುರ್ಚಿಯಲ್ಲಿ ಕೂರಬೇಕು ಅಂತ ಕಟ್ಟುನಿಟ್ಟಾಗಿ ಹೇಳಿದಳು.

ಮುಂದಿನ ಐತವಾರ ಅಂಬ್ರಪ್ಪ ಹಾಗೇ ಮಾಡಿದ. ಟಿಕೆಟ್ ತೆಗೆದು ಎರಡನೇ ಸಾಲಿನಲ್ಲಿ ಕೂತ. ಆದರೆ ಹೊಟ್ಟೆಯೊಳಗಿನ ಹಿಗ್ಗು ತಡೆಯಬೇಕಲ್ಲ! ಹೀರೋನ ಮಾತಿಗೆ ಚಪ್ಪಾಳೆ ಬಿದ್ದದ್ದೇ ಎದ್ದು ನಿಂತು, ಹಿಂದಿನವರ ಕಡೆ ತಿರುಗಿ, "ಆ ಮಾತು ಹೇಳಿಕೊಟ್ಟಾಕಿ ನಮ್ಮ ಹುಡುಗಿ!" ಅಂತ ಕೂಗಿದ. ಒಂದು ಸಲವಲ್ಲ, ಮೂರು ಸಲ.

ನಾಚಿಕೆಯಲ್ಲಿ ಪರಿಮಳಾ ವಿಂಗಿನಿಂದಲೇ, "ಅಪ್ಪಾ, ಸುಮ್ಮ ಕೂಡು," ಅಂದುಬಿಟ್ಟಳು.

ಹೀರೋ ಹೊಸಬ. ಅವಳ ದನಿಯನ್ನೇ ನೆಚ್ಚಿಕೊಂಡು ಪಾರ್ಟು ಮಾಡುತ್ತಿದ್ದವನು ಹಿಂದೆ ಮುಂದೆ ನೋಡಲಿಲ್ಲ. ಕೈ ಮೇಲೆತ್ತಿ, ಗಂಟಲು ಬಿಟ್ಟು ಹೇಳಿದ: "ಅಪ್ಪಾ! ಸುಮ್ಮ ಕೂಡು!"

ಥೇಟರೆಲ್ಲ ಹೋ ಅಂತ ನಕ್ಕಿತು. ಅಂಬ್ರಪ್ಪ ಎರಡೂ ಕೈ ಮುಗಿದು ಸುಮ್ಮನೆ ಕೂತ. ಇನ್ನು ಅವನು ಕೂಗಿ ಹೇಳಬೇಕಾದ್ದೇನೂ ಉಳಿದಿರಲಿಲ್ಲ. ಆ ಮಾತು ಯಾರದು ಅಂತ ಅಲ್ಲಿ ಕೂತಿದ್ದವರಿಗೆಲ್ಲ ಗೊತ್ತಾಗಿತ್ತು.