ಹನ್ನೆರಡು ಗಾಜಿಗೆ ವಿಭೂತಿ

ದಸರೆಯ ಖಂಡೆ ಪೂಜೆಯ ಹಿಂದಿನ ದಿನ ಬೆಳಿಗ್ಗೆ ನನ್ನ ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: ದಿನ 43. ಲೇಪವಿಲ್ಲದ ಗಾಜು ಆರು, ಆರೂ ಸತ್ತಿವೆ. ಲೇಪವಿರುವ ಗಾಜು ಆರು, ಆರೂ ಹೊಳೆಯುತ್ತಿವೆ.

ಜಮಖಂಡಿಯ ಕಾಲೇಜಿನಲ್ಲಿ ನನ್ನ ಎಂ.ಎಸ್ಸಿ. ಪ್ರಾಜೆಕ್ಟ್ ಅದು. ಪೆರೊವ್‌ಸ್ಕೈಟ್ ಕ್ವಾಂಟಮ್ ಚುಕ್ಕೆ ಎಂದರೆ ಸೀಸಿಯಂ, ಸೀಸ, ಬ್ರೋಮಿನ್ ಕೂಡಿದ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳು. ನೇರಳಾತೀತ ದೀಪ ಹಿಡಿದರೆ ಎಳೆ ಜೋಳದ ಗರಿಯಂತೆ ಹಸಿರಾಗಿ ಹೊಳೆಯುತ್ತದೆ. ತೇವ ತಾಗಿದರೆ ಸಾಯುತ್ತದೆ. ಗಾಜಿನ ಮೇಲೆ ಬಳಿದ ಈ ಚುಕ್ಕೆಗಳಿಗೆ ಸಿಲಿಕಾದ ತೆಳು ಲೇಪ ಕೊಟ್ಟು, ತೆರೆದ ಗಾಳಿಯಲ್ಲಿ ಅರವತ್ತು ದಿನ ಉಳಿಸಿ ತೋರಿಸುತ್ತೇನೆಂದು ಬರೆದುಕೊಟ್ಟಿದ್ದೆ.

ಮರುದಿನ ರಜೆಯೆಂದು ಕಾಲೇಜಿನಲ್ಲಿ ಆ ದಿನವೇ ಪೂಜೆ ಮುಗಿಸಿದರು. ತರಗತಿಯಿಂದ ಮರಳಿ ಬಂದಾಗ ತಕ್ಕಡಿ, ಒಲೆ, ದೀಪ ಎಲ್ಲಕ್ಕೂ ವಿಭೂತಿ ಹಚ್ಚಿದ್ದರು. ನನ್ನ ತಟ್ಟೆಯ ಹನ್ನೆರಡೂ ಗಾಜುಗಳ ಮೇಲೆ ಮೂರು ಮೂರು ಹಸಿ ಪಟ್ಟೆ. ತಟ್ಟೆಗೆ ‘ಮುಟ್ಟಬೇಡಿ’ ಎಂಬ ಚೀಟಿ ಅಂಟಿಸಿದ್ದೆ. ಪ್ರಯೋಗಾಲಯದ ಕಾಕಾ ನನ್ನ ಮುಖ ನೋಡಿ ಸಮಾಧಾನ ಹೇಳಿದರು. "ಜಳಕಾ ಮಾಡೇ ಮುಟ್ಟೇನಿ ತಂಗಿ, ಅಂಜಬ್ಯಾಡ."

ಅವರ ಮೇಲೆ ಸಿಟ್ಟು ಬರಲಿಲ್ಲ. ಪಕ್ಕದಲ್ಲೇ ತಂಬಿಗೆ ಹಿಡಿದು ಮಾವಿನೆಲೆಯಿಂದ ನೀರು ಚಿಮುಕಿಸುತ್ತಿದ್ದವರು ನನ್ನ ಗೈಡ್ ಸರ್. ತೇವ ತಾಗಿದರೆ ಏನಾಗುತ್ತದೆಂದು ಎರಡು ವರ್ಷ ನನಗೆ ಪಾಠ ಹೇಳಿದವರು.

ಕೋಣೆ ಕತ್ತಲು ಮಾಡಿ ದೀಪ ಹಿಡಿದೆ. ಲೇಪದ ಗಾಜಿನಲ್ಲಿ ಬೆರಳು ತಿಕ್ಕಿದ ಕಡೆಯೆಲ್ಲ ಕಪ್ಪು, ನಡುವೆ ಎರಡೆರಡು ಹಸಿರು ಗೆರೆ. ಆರಕ್ಕೆ ಆರೂ ಹಾಗೇ.

ಮರುದಿನ ಬನಹಟ್ಟಿಯ ಮನೆಯಲ್ಲಿ ಮಗ್ಗದ ಪೂಜೆ. ಅಪ್ಪ ಮೊದಲು ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ನೂಲಿಗೆಲ್ಲ ಒಣ ಧೋತರ ಹೊದಿಸಿ, ಆಮೇಲೆ ಬರೀ ಕಬ್ಬಿಣಕ್ಕೆ ಕುಂಕುಮ ಹಚ್ಚಿದರು. ನೀರು ಬಿದ್ದರೆ ನೂಲಿನ ಗಂಜಿ ಬಿಟ್ಟುಹೋಗುತ್ತದೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ಮನುಷ್ಯನಿಗೆ ಗೊತ್ತಿದ್ದದ್ದು ಸರ್‌ಗೆ ಗೊತ್ತಿರಲಿಲ್ಲ ಎಂದು ಯೋಚಿಸುತ್ತ ನಾನು ಪ್ರಸಾದವನ್ನೂ ಸರಿಯಾಗಿ ತಿನ್ನಲಿಲ್ಲ.

ರಜೆ ಮುಗಿದ ಮೇಲೆ ಸರ್ ನನ್ನ ವರದಿ ತಿರುವಿ ಹಾಕಿ ನಕ್ಕರು. "ನಲವತ್ಮೂರ ದಿನ ಹೊಳದದ್ದು ಇನ್ನ ಹದಿನೇಳ ದಿನಾ ಹೊಳೀತಿದ್ದಿಲ್ಲೇನ? ಅರವತ್ತಂತ ಬರದ ಬಿಡವಾ."

"ಹೊಳೀತಿತ್ತೋ ಏನೋ, ನಾ ನೋಡಿಲ್ರಿ ಸರ್."

"ಭಾಳ ಶಾಣ್ಯಾಕಿ ಆಗಬ್ಯಾಡ."

ವರದಿ ಎತ್ತಿಕೊಂಡು ಹೊರಗೆ ಬಂದೆ. ತಪ್ಪು ಯಾರಿಂದಲೂ ಆಗುತ್ತದೆ. ಅದನ್ನು ಮುಚ್ಚಲು ನನ್ನ ಕೈಯಿಂದ ಹದಿನೇಳು ಸುಳ್ಳು ಬರೆಸುವುದು ತಪ್ಪಲ್ಲ, ಬೇರೆಯೇ ಏನೋ.

ವರದಿಯಲ್ಲಿ ಇದ್ದದ್ದನ್ನೇ ಇಟ್ಟಿದ್ದೇನೆ: ದಿನ 43, ಆರೂ ಕೆಟ್ಟವು, ಕಾರಣ ಪೂಜೆಯ ನೀರು ಮತ್ತು ವಿಭೂತಿ, ತಿಕ್ಕಿದರೆ ಲೇಪ ನಿಲ್ಲುವುದಿಲ್ಲ. ಹೊಸ ಗಾಜುಗಳಿಗೆ ಇಂದು ಹನ್ನೊಂದನೆಯ ದಿನ. ವರದಿಯನ್ನು ಸರ್ ಮುಂದೆ ಒಯ್ದದ್ದು ಮೂರು ಸಲ. ಸಹಿ, ಸೊನ್ನೆ.